ಕಾಣದ ಅಲೆಗಳ ಸಮರ: ಬಳ್ಳಾರಿ ಗುಡ್ಡದಿಂದ ಸಿರುಗುಪ್ಪದ ಗದ್ದೆಯವರೆಗೆ

ಬಳ್ಳಾರಿ ನಗರದಿಂದ ಉತ್ತರಕ್ಕೆ, ಕುರುಗೋಡಿನ ಬೆಟ್ಟಸಾಲಿನ ಪಕ್ಕದಿಂದ ಸಾಗಿ ಸಿರುಗುಪ್ಪದ ಭತ್ತದ ಗದ್ದೆಗಳವರೆಗೆ ಹರಡಿರುವ ಬಯಲಿನ ಮೇಲೆ ಧಾರವಾಡ ಆಕಾಶವಾಣಿಯ ಮಧ್ಯಮ ತರಂಗ, ಮೊಬೈಲ್ ಗೋಪುರಗಳ ಸಂಕೇತ, ಪೊಲೀಸ್ ವೈರ್‌ಲೆಸ್ಸಿನ ಮಾತು, ಎತ್ತರದಲ್ಲಿ ಹಾದುಹೋಗುವ ವಿಮಾನಗಳ ರೇಡಿಯೊ ಸಂಭಾಷಣೆ, ಇಪ್ಪತ್ತು ಸಾವಿರ ಕಿಲೋಮೀಟರ್ ಆಚೆಯ ಉಪಗ್ರಹಗಳಿಂದ ಇಳಿಯುವ ಜಿಪಿಎಸ್ ಸಂಕೇತ ಇವೆಲ್ಲವೂ ಹಗಲಿರುಳೂ ಒಂದರೊಳಗೊಂದು ಹಾಯ್ದುಹೋಗುತ್ತಿರುತ್ತವೆ. ಇವೆಲ್ಲ ಒಂದೇ ಜಾತಿಯ ಅಲೆಗಳು. ವಿಜ್ಞಾನದ ಪರಿಭಾಷೆಯಲ್ಲಿ ವಿದ್ಯುತ್ಕಾಂತೀಯ ತರಂಗಗಳು. ಒಂದು ಸೆಕೆಂಡಿಗೆ ಎಷ್ಟು ಬಾರಿ ಕಂಪಿಸುತ್ತವೆ ಎಂಬುದನ್ನು ಕಂಪನಾಂಕವೆಂದೂ, ಒಂದು ಅಲೆಯ ಶಿಖರದಿಂದ ಮುಂದಿನ ಶಿಖರದವರೆಗಿನ ಅಂತರವನ್ನು ತರಂಗದೂರವೆಂದೂ ಕರೆಯಲಾಗುತ್ತದೆ. ಕಂಪನಾಂಕ ಹೆಚ್ಚಿದಷ್ಟೂ ತರಂಗದೂರ ಕುಗ್ಗುತ್ತದೆ. ಕಡಿಮೆ ಕಂಪನಾಂಕದ ಬಾನುಲಿ ಅಲೆಗಳಿಂದ ಹಿಡಿದು ಕಣ್ಣಿಗೆ ಕಾಣುವ ಬೆಳಕನ್ನೂ ದಾಟಿ ಎಕ್ಸ್-ಕಿರಣ, ಗಾಮಾ ಕಿರಣಗಳವರೆಗೆ ಹಬ್ಬಿದ ಈ ಇಡೀ ಹರಹಿಗೆ ವಿದ್ಯುತ್ಕಾಂತೀಯ ರೋಹಿತವೆಂದು ಹೆಸರು. ಮೊಬೈಲ್ ಕಂಪನಿಗಳಿಗೆ ಹರಾಜಾಗುವ ತರಂಗಗುಚ್ಛವು ಇದರದೇ ಒಂದು ಸಣ್ಣ ತುಂಡು.

ಇದೇ ರೋಹಿತವನ್ನು ಸೇನೆಗಳೂ ಬಳಸುತ್ತವೆ, ಮತ್ತು ಬಳಸುವಷ್ಟೇ ಆಸಕ್ತಿಯಿಂದ ಎದುರಾಳಿಯು ಬಳಸದಂತೆ ತಡೆಯಲು ಹೆಣಗುತ್ತವೆ. ಶತ್ರುವಿನ ಅಲೆಗಳನ್ನು ಹಿಡಿದು ಅವು ಯಾವ ದಿಕ್ಕಿನಿಂದ, ಯಾವ ಯಂತ್ರದಿಂದ ಬಂದವೆಂದು ಗುರುತಿಸುವುದು, ಅವುಗಳ ಮೇಲೆ ಗದ್ದಲವನ್ನು ಸುರಿದು ಅಥವಾ ಸುಳ್ಳು ಸಂಕೇತವನ್ನು ಕಳಿಸಿ ಕೆಡಿಸುವುದು, ಇಂತಹ ದಾಳಿಯಿಂದ ಸ್ವಂತ ಸಂಪರ್ಕವನ್ನು ಕಾಪಾಡಿಕೊಳ್ಳುವುದು ಇವೆಲ್ಲ ಸೇರಿ ಎಲೆಕ್ಟ್ರಾನಿಕ್ ಯುದ್ಧ ಎನಿಸುತ್ತದೆ. ಗುಂಡು ಹಾರಿಸುವುದಕ್ಕೆ ಮೊದಲೇ ಇದು ಶುರುವಾಗಿರುತ್ತದೆ. ಎರಡು ದೇಶಗಳು ಶಾಂತಿಯಿಂದಿರುವಾಗಲೂ ಇದರ ಆಲಿಸುವ ಭಾಗ ನಿಲ್ಲುವುದಿಲ್ಲ. ಈ ವಿದ್ಯೆಯ ಭಾರತೀಯ ಕೇಂದ್ರಗಳಲ್ಲಿ ಬಹುಪಾಲು ಬೆಂಗಳೂರು, ಹೈದರಾಬಾದುಗಳಲ್ಲಿವೆ. ಅದರ ಪ್ರಯೋಗಭೂಮಿಗಳಲ್ಲಿ ಒಂದು ಬಳ್ಳಾರಿಯ ದಕ್ಷಿಣದ ಚಳ್ಳಕೆರೆಯಲ್ಲಿದ್ದರೆ ಇನ್ನೊಂದು ಪೂರ್ವದ ಕರ್ನೂಲಿನಲ್ಲಿದೆ. ಆದರೂ ಈ ವಿಷಯ ಕನ್ನಡದ ಓದುಗರ ಮುಂದೆ ಬರುವುದು ಯುದ್ಧದ ಸುದ್ದಿ ಬಂದಾಗ ಮಾತ್ರ, ಅದೂ ಜ್ಯಾಮರ್ ಎಂಬ ಒಂದು ಪದದಲ್ಲಿ ಮುಗಿದುಹೋಗುತ್ತದೆ. ಇದರ ಮೂಲತತ್ತ್ವಗಳು ಅಷ್ಟೇನೂ ಗಹನವಲ್ಲ. ಬಳ್ಳಾರಿ, ಕುರುಗೋಡು, ಸಿರುಗುಪ್ಪಗಳ ನಡುವಿನ ದೂರ ಮತ್ತು ಎತ್ತರಗಳನ್ನೇ ಹಿಡಿದು ಅವುಗಳನ್ನು ಅರಿಯಬಹುದು.

ಮೊದಲನೆಯದು ಎತ್ತರದ ಪ್ರಶ್ನೆ. ಧಾರವಾಡ ಆಕಾಶವಾಣಿಯ 765 ಕಿಲೋಹರ್ಟ್ಸ್ ಅಲೆಯ ತರಂಗದೂರ 392 ಮೀಟರು. ಇಷ್ಟು ಉದ್ದದ ಅಲೆ ನೆಲದ ಮೈಗೆ ಅಂಟಿಕೊಂಡು, ಭೂಮಿಯ ಬಾಗುವಿಕೆಯನ್ನೂ ಅನುಸರಿಸಿಕೊಂಡು ಬಹುದೂರ ಸಾಗುತ್ತದೆ, ರಾತ್ರಿಯಲ್ಲಿ ಮೇಲಿನ ವಾಯುಮಂಡಲದ ಅಯಾನುಗೋಳಕ್ಕೆ ತಾಗಿ ಹಿಂದಿರುಗಿ ಇನ್ನೂ ದೂರ ತಲುಪುತ್ತದೆ. ಎಫ್‌ಎಂ ಬಾನುಲಿಯ ತರಂಗದೂರ ಮೂರು ಮೀಟರಿನ ಆಸುಪಾಸು, ರೇಡಾರುಗಳದು ಬಹುಮಟ್ಟಿಗೆ ಸೆಂಟಿಮೀಟರುಗಳ ಲೆಕ್ಕದ್ದು. ಇಂತಹ ಗಿಡ್ಡ ಅಲೆಗಳು ಹೆಚ್ಚುಕಡಿಮೆ ಬೆಳಕಿನಂತೆಯೇ ನೇರವಾಗಿ ಹೋಗುತ್ತವೆ, ಬೆಟ್ಟ ಅಡ್ಡಬಂದರೆ ನಿಲ್ಲುತ್ತವೆ, ದಿಗಂತದಾಚೆಗೆ ಬಾಗುವುದಿಲ್ಲ. ಆದ್ದರಿಂದ ಗಿಡ್ಡ ಅಲೆಗಳ ಲೋಕದಲ್ಲಿ ಎತ್ತರದಲ್ಲಿ ನಿಂತವನಿಗೇ ಮೇಲುಗೈ. ಬಳ್ಳಾರಿ ಕೋಟೆಯ ಬಗ್ಗೆ ಊರಿನಲ್ಲಿ ಪ್ರಚಲಿತವಾಗಿರುವ ಒಂದು ಐತಿಹ್ಯ ಇದನ್ನೇ ಹೇಳುತ್ತದೆ: ಹೈದರಾಲಿಗಾಗಿ ಕೋಟೆಯನ್ನು ಕಟ್ಟಿಸಿದ ಫ್ರೆಂಚ್ ಎಂಜಿನಿಯರನು ಎದುರಿನ ಕುಂಬಾರ ಗುಡ್ಡವು ಕೋಟೆಯ ಗುಡ್ಡಕ್ಕಿಂತ ಎತ್ತರವೆಂಬುದನ್ನು ಗಮನಿಸಲಿಲ್ಲವಂತೆ, ಅಲ್ಲಿಂದ ಕೋಟೆಯ ಒಳಗೆಲ್ಲ ಕಾಣುತ್ತದೆಂದು ತಿಳಿದ ಹೈದರಾಲಿ ಅವನನ್ನು ನೇಣಿಗೇರಿಸಿದನಂತೆ. ಐತಿಹ್ಯದ ಸತ್ಯಾಸತ್ಯತೆ ಏನೇ ಇರಲಿ, ಅದರ ತರ್ಕ ಇಂದಿನ ರೇಡಾರ್ ನೆಲೆಗಳನ್ನು ಆರಿಸುವವರಿಗೂ ಅನ್ವಯಿಸುತ್ತದೆ.

ಈ ತರ್ಕವನ್ನು ಅಂಕಿಗಳಿಗೆ ಇಳಿಸಬಹುದು. ರೇಡಾರ್ ಎಂದರೆ ಅಲೆಯ ತುಣುಕೊಂದನ್ನು ಕಳುಹಿಸಿ, ಅದು ವಸ್ತುವಿಗೆ ಬಡಿದು ಮರಳಿದ ಮಾರ್ದನಿಯನ್ನು ಹಿಡಿದು, ಹೋಗಿಬಂದ ಸಮಯದಿಂದ ದೂರವನ್ನು ಲೆಕ್ಕಹಾಕುವ ಯಂತ್ರ. ವಾಯುಮಂಡಲವು ಅಲೆಯನ್ನು ಕೊಂಚ ಬಾಗಿಸುವುದನ್ನೂ ಗಣನೆಗೆ ತೆಗೆದುಕೊಂಡರೆ, ಆಂಟೆನಾದ ಎತ್ತರವನ್ನು ಮೀಟರುಗಳಲ್ಲಿ ಬರೆದು, ಅದರ ವರ್ಗಮೂಲವನ್ನು 4.12ರಿಂದ ಗುಣಿಸಿದಾಗ ದಿಗಂತದ ದೂರ ಕಿಲೋಮೀಟರುಗಳಲ್ಲಿ ಸಿಗುತ್ತದೆ. ಸುತ್ತಲಿನ ನೆಲಕ್ಕಿಂತ 100 ಮೀಟರ್ ಎತ್ತರದ ಗುಡ್ಡದ ನೆತ್ತಿಯಲ್ಲಿ ಒಂದು ರೇಡಾರ್ ಇದೆಯೆಂದು ಊಹಿಸಿದರೆ, ನೆಲದ ಮೇಲಿನ ವಸ್ತುಗಳು ಅದಕ್ಕೆ ಸುಮಾರು 41 ಕಿಲೋಮೀಟರಿನವರೆಗೆ ಕಾಣುತ್ತವೆ. ಬಳ್ಳಾರಿಯಿಂದ ಕುರುಗೋಡು ನೇರ ಗೆರೆಯಲ್ಲಿ ಸುಮಾರು 24 ಕಿಲೋಮೀಟರ್ ದೂರದಲ್ಲಿರುವುದರಿಂದ ಅದು ಈ ವೃತ್ತದ ಒಳಗೆ ಬೀಳುತ್ತದೆ. ಸುಮಾರು 53 ಕಿಲೋಮೀಟರ್ ದೂರದ ಸಿರುಗುಪ್ಪ ಹೊರಗೆ ಉಳಿಯುತ್ತದೆ. ಆದರೆ ಕಾಣಬೇಕಾದ ವಸ್ತುವೂ ಎತ್ತರದಲ್ಲಿದ್ದರೆ ಅದರ ದಿಗಂತವನ್ನೂ ಕೂಡಿಸಬೇಕಾಗುತ್ತದೆ. ಸಿರುಗುಪ್ಪದ ಮೇಲೆ ಒಂದು ಕಿಲೋಮೀಟರ್ ಎತ್ತರದಲ್ಲಿ ಬರುವ ವಿಮಾನ ತುಂಗಭದ್ರೆಯನ್ನು ದಾಟುವುದಕ್ಕೆ ಬಹಳ ಮೊದಲೇ, 170 ಕಿಲೋಮೀಟರ್ ದೂರದಲ್ಲಿಯೇ ರೇಡಾರಿನ ದೃಷ್ಟಿಗೆ ಸಿಕ್ಕಿರುತ್ತದೆ; ಹತ್ತು ಮೀಟರ್ ಎತ್ತರದ ಡ್ರೋನ್ 54 ಕಿಲೋಮೀಟರಿನಲ್ಲಿ, ಎಂದರೆ ಸಿರುಗುಪ್ಪದ ಮೇಲಿರುವಾಗ ಅಂಚಿನಲ್ಲಿ ಕಾಣುತ್ತದೆ; ಮೂರು ಮೀಟರ್ ಎತ್ತರದಲ್ಲಿ ಗದ್ದೆಗೆ ಔಷಧಿ ಸಿಂಪಡಿಸುತ್ತ ಸಾಗುವ ಡ್ರೋನ್ ಕಾಣುವುದೇ ಇಲ್ಲ. ಇದು ನೆಲವನ್ನು ಸಮತಟ್ಟೆಂದು ಭಾವಿಸಿದ ಲೆಕ್ಕ. ನಿಜವಾದ ನೆಲ ಬಳ್ಳಾರಿಯಿಂದ ತುಂಗಭದ್ರೆಯ ಕಡೆಗೆ ಇಳಿಯುತ್ತದೆ, ನಡುನಡುವೆ ಗುಡ್ಡಗಳೂ ತಲೆಯೆತ್ತುತ್ತವೆ. ಹಾಗಾಗಿ ಸೇನೆಯ ತಂತ್ರಜ್ಞರು ಪ್ರತಿಯೊಂದು ನೆಲೆಗೂ ಭೂಪಟದ ಏರುತಗ್ಗುಗಳನ್ನೆಲ್ಲ ತುಂಬಿ ಪ್ರತ್ಯೇಕ ನಕ್ಷೆ ತಯಾರಿಸಿಕೊಳ್ಳುತ್ತಾರೆ. ದಾಳಿಯ ವಿಮಾನಗಳೂ ಕ್ರೂಸ್ ಕ್ಷಿಪಣಿಗಳೂ ನೆಲಕ್ಕೆ ತೀರ ಹತ್ತಿರದಲ್ಲಿ ಹಾರುವುದಕ್ಕೆ, ರೇಡಾರನ್ನು ವಿಮಾನದ ಬೆನ್ನ ಮೇಲೇರಿಸಿ ಆಕಾಶದಿಂದ ಕೆಳಗೆ ನೋಡುವುದಕ್ಕೆ ಈ ಒಂದೇ ಸೂತ್ರ ಕಾರಣ.

ಎರಡನೆಯದು ದೂರದೊಂದಿಗೆ ಶಕ್ತಿ ಕುಂದುವ ಬಗೆ. ಇಡೀ ಎಲೆಕ್ಟ್ರಾನಿಕ್ ಯುದ್ಧದ ತಿರುಳು ಇಲ್ಲಿದೆ. ಬಳ್ಳಾರಿಯಿಂದ ಹೊರಟ ರೇಡಾರ್ ಅಲೆ ಸಿರುಗುಪ್ಪದ ಮೇಲಿನ ವಿಮಾನಕ್ಕೆ ತಾಗಿ ಮರಳಲು ಒಂದು ಸೆಕೆಂಡಿನ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 353 ಭಾಗದಷ್ಟು ಸಮಯ ಸಾಕು. ಆದರೆ ಆ ಪಯಣದಲ್ಲಿ ಅದು ಕಳೆದುಕೊಳ್ಳುವ ಶಕ್ತಿ ಅಗಾಧ. ಹೋಗುವಾಗ ದೂರದ ವರ್ಗಕ್ಕೆ ತಕ್ಕಂತೆ ಹರಡಿ ತೆಳುವಾಗುತ್ತದೆ, ವಿಮಾನಕ್ಕೆ ಬಡಿದು ಚದುರಿದ ಅಲ್ಪಭಾಗ ಹಿಂದಿರುಗುವಾಗ ಮತ್ತೊಮ್ಮೆ ಅದೇ ಪ್ರಮಾಣದಲ್ಲಿ ತೆಳುವಾಗುತ್ತದೆ. ಹೀಗಾಗಿ ದೂರ ಎರಡರಷ್ಟಾದರೆ, ಎಂದರೆ ಕುರುಗೋಡಿನಷ್ಟು ದೂರದಲ್ಲಿದ್ದ ವಿಮಾನ ಸಿರುಗುಪ್ಪದ ಸಮೀಪಕ್ಕೆ ಸರಿದರೆ, ಮಾರ್ದನಿ ಹದಿನಾರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಅದೇ ವಿಮಾನದಲ್ಲಿ ರೇಡಾರಿನ ಕಂಪನಾಂಕದಲ್ಲಿಯೇ ಗದ್ದಲವನ್ನು ಬಿತ್ತರಿಸುವ ಜ್ಯಾಮರ್ ಇದ್ದರೆ, ಅದರ ಅಲೆ ಕ್ರಮಿಸಬೇಕಾದದ್ದು ಒಂದೇ ಕಡೆಯ ದಾರಿಯಾದ್ದರಿಂದ ಅದು ನಾಲ್ಕರಲ್ಲಿ ಒಂದು ಪಾಲಿಗಷ್ಟೇ ಇಳಿಯುತ್ತದೆ. ಸಣ್ಣ ಜ್ಯಾಮರೊಂದು ಬೃಹತ್ ರೇಡಾರನ್ನು ಕುರುಡಾಗಿಸಬಲ್ಲದೆಂಬ ಮಾತು ಮೊದಲಿಗೆ ನಂಬಲಸಾಧ್ಯವೆನಿಸಿದರೂ, ಈ ಲೆಕ್ಕದ ಮುಂದೆ ಅದು ಸಹಜವಾಗಿಬಿಡುತ್ತದೆ. ಆದರೆ ಆಟ ಅಲ್ಲಿಗೇ ಮುಗಿಯುವುದಿಲ್ಲ. ವಿಮಾನ ಹತ್ತಿರ ಬಂದಂತೆ ಮಾರ್ದನಿಯು ಗದ್ದಲಕ್ಕಿಂತ ಬಹಳ ವೇಗವಾಗಿ ಬಲಗೊಳ್ಳುತ್ತ ಹೋಗಿ ಒಂದು ಹಂತದಲ್ಲಿ ಗದ್ದಲವನ್ನು ಸೀಳಿಕೊಂಡು ಹೊರಬರುತ್ತದೆ; ಆ ದೂರಕ್ಕಿಂತ ಒಳಗೆ ಜ್ಯಾಮರ್ ವಿಮಾನವನ್ನು ರಕ್ಷಿಸಲಾರದು. ರೇಡಾರನ್ನು ರೂಪಿಸುವವನು ಈ ಹಂತವನ್ನು ದೂರಕ್ಕೆ ತಳ್ಳಲು ಶ್ರಮಿಸುತ್ತಾನೆ, ಜ್ಯಾಮರನ್ನು ರೂಪಿಸುವವನು ಹತ್ತಿರಕ್ಕೆ ಎಳೆಯಲು. ವಿಮಾನದ ಆಕಾರವನ್ನೇ ಬದಲಿಸಿ ಮಾರ್ದನಿಯನ್ನು ಬೇರೆ ದಿಕ್ಕಿಗೆ ಚದುರಿಸುವ ಅಡಗುತಂತ್ರವೂ ಇದೇ ಉದ್ದೇಶದ್ದು.

ಇದೇ ಲೆಕ್ಕದಿಂದ ಇನ್ನೊಂದು ಸತ್ಯವೂ ಹೊರಡುತ್ತದೆ. ರೇಡಾರಿಗೆ ವಿಮಾನ ಕಾಣುವ ಮೊದಲೇ ವಿಮಾನಕ್ಕೆ ರೇಡಾರ್ ಇರುವುದು ತಿಳಿಯುತ್ತದೆ, ಏಕೆಂದರೆ ವಿಮಾನದ ಗ್ರಾಹಕಕ್ಕೆ ಒಂದು ಕಡೆಯ ದಾರಿಯ ಬಲವಾದ ಅಲೆಯೇ ಸಿಗುತ್ತದೆ. ಅಲೆಯನ್ನು ಹೊರಬಿಟ್ಟವನು ತಾನಿರುವ ಜಾಗವನ್ನು ಬಿಟ್ಟುಕೊಟ್ಟಂತೆ. ಸುಮ್ಮನೆ ಕುಳಿತು ಆಲಿಸುವವನನ್ನು ಪತ್ತೆಹಚ್ಚುವುದು ಬಲು ಕಷ್ಟ. ಜ್ಯಾಮರಿನ ಅಬ್ಬರಕ್ಕೆ ಸುದ್ದಿಯಲ್ಲಿ ಸಿಗುವ ಪ್ರಾಧಾನ್ಯ ಆಲಿಸುವಿಕೆಗೆ ಸಿಗುವುದಿಲ್ಲವಾದರೂ, ಈ ವಿದ್ಯೆಯಲ್ಲಿ ಹೆಚ್ಚು ಬೆಲೆಯುಳ್ಳದ್ದು ಆಲಿಸುವಿಕೆಯೇ. ಯಾವ ರೇಡಾರ್ ಯಾವ ಕಂಪನಾಂಕದಲ್ಲಿ, ಎಷ್ಟು ಅಂತರಕ್ಕೊಮ್ಮೆ ಅಲೆಯ ತುಣುಕುಗಳನ್ನು ಕಳುಹಿಸುತ್ತದೆ ಎಂಬ ವಿವರಗಳನ್ನು ಶಾಂತಿಕಾಲದಲ್ಲಿಯೇ ತಾಳ್ಮೆಯಿಂದ ಸಂಗ್ರಹಿಸಿಟ್ಟುಕೊಂಡಿರದಿದ್ದರೆ, ಯುದ್ಧದ ದಿನ ಯಾವುದನ್ನು ಕೆಡಿಸಬೇಕೆಂಬುದೇ ತಿಳಿಯುವುದಿಲ್ಲ.

ಚರಿತ್ರೆಯೂ ಇದನ್ನೇ ತೋರಿಸುತ್ತದೆ. 1904ರ ಏಪ್ರಿಲ್‌ನಲ್ಲಿ ಜಪಾನಿನ ಯುದ್ಧನೌಕೆಗಳು ಪೋರ್ಟ್ ಆರ್ಥರ್ ಬಂದರಿನ ಮೇಲೆ ಗುಂಡಿನ ಮಳೆಗರೆಯುತ್ತಿದ್ದಾಗ, ಗುರಿಯನ್ನು ತಿದ್ದಲು ಅವು ಕಳುಹಿಸುತ್ತಿದ್ದ ವೈರ್‌ಲೆಸ್ ಸಂದೇಶಗಳನ್ನು ಕೇಳಿಸಿಕೊಂಡ ರಷ್ಯದ ತಂತಿಗಾರರು ತಮ್ಮ ಪ್ರೇಷಕದಿಂದ ಗದ್ದಲವೆಬ್ಬಿಸಿ ಅವುಗಳನ್ನು ಕೆಡಿಸಿದರು. ಯುದ್ಧದಲ್ಲಿ ಜ್ಯಾಮಿಂಗ್ ನಡೆದ ಮೊದಮೊದಲ ಪ್ರಸಂಗಗಳಲ್ಲಿ ಇದು ಒಂದು. 1943ರ ಜುಲೈ 24ರ ರಾತ್ರಿ ಹ್ಯಾಂಬರ್ಗಿನ ಮೇಲೆ ದಾಳಿಗೆ ಹೊರಟ ಬ್ರಿಟಿಷ್ ವಿಮಾನಗಳು ಸುಮಾರು 27 ಸೆಂಟಿಮೀಟರ್ ಉದ್ದದ ಲೋಹಲೇಪಿತ ಪಟ್ಟಿಗಳನ್ನು ಕಂತೆಕಂತೆಯಾಗಿ ಉದುರಿಸಿದವು. ಆ ಉದ್ದವು ಜರ್ಮನ್ ರೇಡಾರಿನ ತರಂಗದೂರದ ಅರ್ಧಕ್ಕೆ ಸರಿಹೊಂದುವಂತಿದ್ದುದರಿಂದ ಪ್ರತಿಯೊಂದು ಪಟ್ಟಿಯೂ ಬಲವಾದ ಮಾರ್ದನಿಯನ್ನು ಕೊಟ್ಟು ಪರದೆಯ ತುಂಬ ಇಲ್ಲದ ವಿಮಾನಗಳನ್ನು ತೋರಿಸಿತು. 1971ರಲ್ಲಿ ಭಾರತದ ಪೂರ್ವ ನೌಕಾದಳದ ಮುಖ್ಯಸ್ಥ ವೈಸ್ ಅಡ್ಮಿರಲ್ ಎನ್. ಕೃಷ್ಣನ್ ಅವರು ಯಾವ ಯಂತ್ರವನ್ನೂ ಕೆಡಿಸದೆ ಅಲೆಗಳಿಂದಲೇ ಎದುರಾಳಿಯನ್ನು ಏಮಾರಿಸಿದರು: ವಿಮಾನವಾಹಕ ನೌಕೆ ವಿಕ್ರಾಂತ್ ಅಂಡಮಾನಿನ ಕಡೆ ಅಡಗಿರುವಾಗ ಹಳೆಯ ಯುದ್ಧನೌಕೆ ರಜಪೂತ್ ವಿಶಾಖಪಟ್ಟಣದ ಬಳಿ ದೊಡ್ಡ ನೌಕೆಗೆ ತಕ್ಕಷ್ಟು ವೈರ್‌ಲೆಸ್ ಸಂದೇಶಗಳನ್ನು ಹರಿಯಬಿಟ್ಟಿತು, ವಿಕ್ರಾಂತನ್ನು ಹುಡುಕಿಕೊಂಡು ಬಂದ ಪಾಕಿಸ್ತಾನದ ಜಲಾಂತರ್ಗಾಮಿ ಘಾಜಿ ಅದೇ ಬಂದರಿನ ಹತ್ತಿರ ಡಿಸೆಂಬರ್ 3 ಮತ್ತು 4ರ ನಡುವಿನ ರಾತ್ರಿ ಮುಳುಗಿತು.

ಕರ್ನಾಟಕದ ಪಾತ್ರ 1954ರಿಂದ ಆರಂಭವಾಗುತ್ತದೆ. ಆ ವರ್ಷ ಬೆಂಗಳೂರಿನ ಜಾಲಹಳ್ಳಿಯಲ್ಲಿ ಫ್ರಾನ್ಸಿನ ಕಂಪನಿಯೊಂದರ ಸಹಕಾರದೊಡನೆ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್, ಜನರ ಬಾಯಲ್ಲಿ ಬಿಇಎಲ್, ಸೇನೆಯ ವೈರ್‌ಲೆಸ್ ಯಂತ್ರಗಳ ತಯಾರಿಕೆಯಿಂದ ಶುರುಮಾಡಿ ಇಂದು ರೇಡಾರು, ಜ್ಯಾಮರು, ಕ್ಷಿಪಣಿ ವ್ಯವಸ್ಥೆಗಳವರೆಗೆ ಬೆಳೆದಿದೆ; ಮತಯಂತ್ರಗಳ ಮೂಲಕವೇ ಇದನ್ನು ಬಲ್ಲ ಬಹುಮಂದಿಗೆ ಅದರ ಮುಖ್ಯ ಕಸುಬು ಇದೆಂಬುದು ಅಷ್ಟಾಗಿ ತಿಳಿದಿಲ್ಲ. ರೇಡಾರುಗಳ ವಿನ್ಯಾಸ ಮಾಡುವುದು ಸಿ.ವಿ. ರಾಮನ್ ನಗರದಲ್ಲಿರುವ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ಎಲ್‌ಆರ್‌ಡಿಇ ಪ್ರಯೋಗಾಲಯ. ಅಲ್ಲಿ ಹುಟ್ಟಿದ ರೇಡಾರುಗಳಿಗೆ ರೋಹಿಣಿ, ಭರಣಿ, ಆಶ್ಲೇಷಾ, ಸ್ವಾತಿ, ರೇವತಿ ಎಂಬ ಹೆಸರುಗಳಿವೆ. ಬಳ್ಳಾರಿ ಸೀಮೆಯ ರೈತರು ಬಿತ್ತನೆಗೂ ಮಳೆಗೂ ಲೆಕ್ಕವಿಡುವ ನಕ್ಷತ್ರಗಳವು. ಭರಣಿಯನ್ನು ಗುಡ್ಡಗಾಡಿನಲ್ಲಿ ಹೊತ್ತೊಯ್ಯಬಹುದು. ಸ್ವಾತಿಯು ಶತ್ರುವಿನ ಫಿರಂಗಿ ಗುಂಡು ಹಾರುವ ಹಾದಿಯನ್ನು ಅಳೆದು ಅದು ಎಲ್ಲಿಂದ ಹೊರಟಿತೆಂದು ಹೇಳುತ್ತದೆ.

ಅದೇ ನೆರೆಯಲ್ಲಿರುವ ಡೇರ್ ಎಂಬ ಪ್ರಯೋಗಾಲಯದ ಕೆಲಸ ಹೆಚ್ಚು ನೇರವಾಗಿ ಎಲೆಕ್ಟ್ರಾನಿಕ್ ಯುದ್ಧಕ್ಕೆ ಸೇರಿದ್ದು. ಅದು ರೂಪಿಸಿ ಬಿಇಎಲ್ ತಯಾರಿಸಿದ ತರಂಗ್ ಎಂಬ ಸಾಧನವನ್ನು ಸುಖೋಯ್-30ರಂತಹ ಯುದ್ಧವಿಮಾನಗಳಲ್ಲಿ ಅಳವಡಿಸಲಾಗಿದೆ. ವಿಮಾನದ ಮೇಲೆ ಬೀಳುವ ರೇಡಾರ್ ಅಲೆಗಳನ್ನು ಹಿಡಿದು, ತನ್ನಲ್ಲಿ ಸಂಗ್ರಹಿಸಿಟ್ಟ ಗುರುತುಗಳೊಂದಿಗೆ ಹೋಲಿಸಿ, ಇದು ದೂರದಿಂದ ಸುಮ್ಮನೆ ಹುಡುಕುತ್ತಿರುವ ರೇಡಾರೋ ಅಥವಾ ಕ್ಷಿಪಣಿಗೆ ಗುರಿ ಹಿಡಿದಿರುವ ರೇಡಾರೋ ಎಂದು ಕ್ಷಣಾರ್ಧದಲ್ಲಿ ಪೈಲಟನಿಗೆ ತಿಳಿಸುವುದು ಅದರ ಕಾರ್ಯ. ಈ ಎರಡರ ನಡುವಿನ ವ್ಯತ್ಯಾಸವನ್ನು ತಪ್ಪಾಗಿ ತಿಳಿದರೆ ಪೈಲಟನು ಅನಾವಶ್ಯಕವಾಗಿ ಕೆಲಸ ಬಿಟ್ಟು ತಿರುಗಬೇಕಾಗುತ್ತದೆ, ಇಲ್ಲವೇ ಜೀವ ಕಳೆದುಕೊಳ್ಳಬೇಕಾಗುತ್ತದೆ. ಭೂಸೇನೆಗಾಗಿ ಹೈದರಾಬಾದಿನ ಡಿಎಲ್‌ಆರ್‌ಎಲ್ ಪ್ರಯೋಗಾಲಯ ಬಿಇಎಲ್ ಜೊತೆಗೂಡಿ ರೂಪಿಸಿದ ಸಂಯುಕ್ತಾ ವ್ಯವಸ್ಥೆ ಲಾರಿಗಳ ಮೇಲೆ ಸಾಗುವಂಥದ್ದು, 1.5 ಮೆಗಾಹರ್ಟ್ಸ್‌ನಿಂದ 40 ಗಿಗಾಹರ್ಟ್ಸ್‌ವರೆಗಿನ ವಿಶಾಲ ಹರಹನ್ನು ಅದು ಆಲಿಸಬಲ್ಲದು, ಕೆಡಿಸಲೂ ಬಲ್ಲದು. ಬೆಟ್ಟಪ್ರದೇಶಕ್ಕಾಗಿ ಹಿಮಶಕ್ತಿ ಎಂಬ ಎರಡು ವ್ಯವಸ್ಥೆಗಳನ್ನು ಸುಮಾರು 3,000 ಕೋಟಿ ರೂಪಾಯಿ ವೆಚ್ಚದಲ್ಲಿ ಪಡೆಯಲು 2023ರ ಮಾರ್ಚ್‌ನಲ್ಲಿ ಬಿಇಎಲ್‌ನ ಹೈದರಾಬಾದ್ ಘಟಕದೊಡನೆ ಒಪ್ಪಂದವಾಯಿತು.

ರೇಡಾರನ್ನು ಆಕಾಶಕ್ಕೆ ಏರಿಸುವ ಪ್ರಯತ್ನದ ಕಥೆ ನೋವಿನದು. ಡಿಆರ್‌ಡಿಒಗೆ ಸೇರಿದ ಬೆಂಗಳೂರಿನ ಕ್ಯಾಬ್ಸ್ ಸಂಸ್ಥೆ ಆವ್ರೊ ವಿಮಾನದ ಬೆನ್ನ ಮೇಲೆ ತಟ್ಟೆಯಾಕಾರದ ಹೊದಿಕೆಯನ್ನು ಕೂರಿಸಿ ನಡೆಸುತ್ತಿದ್ದ ಪ್ರಯೋಗವು 1999ರ ಜನವರಿ 11ರಂದು ತಮಿಳುನಾಡಿನ ಅರಕ್ಕೋಣಂ ಬಳಿ ವಿಮಾನ ಪತನದಲ್ಲಿ ಮುಗಿಯಿತು. ವಾಯುಪಡೆಯ ಸಿಬ್ಬಂದಿ ಮತ್ತು ವಿಜ್ಞಾನಿಗಳು ಸೇರಿ ಎಂಟು ಮಂದಿ ಸತ್ತರು, ಯೋಜನೆ ನಿಂತುಹೋಯಿತು. ಕೆಲವು ವರ್ಷಗಳ ನಂತರ ಅದೇ ಸಂಸ್ಥೆ ಬ್ರೆಜಿಲಿನ ಎಂಬ್ರೇಯರ್ ವಿಮಾನವನ್ನು ಆಧರಿಸಿ ಹೊಸದಾಗಿ ಕೆಲಸವನ್ನು ಕೈಗೆತ್ತಿಕೊಂಡು, 2017ರ ಫೆಬ್ರವರಿಯಲ್ಲಿ ಯಲಹಂಕದ ವೈಮಾನಿಕ ಪ್ರದರ್ಶನದಲ್ಲಿ ನೇತ್ರ ಎಂಬ ವಿಮಾನವನ್ನು ವಾಯುಪಡೆಗೆ ಒಪ್ಪಿಸಿತು. ನೇತ್ರದ ಬೆನ್ನ ಮೇಲಿನ ಉದ್ದನೆಯ ಆಂಟೆನಾ ತಿರುಗುವುದಿಲ್ಲ. ಅದರೊಳಗಿನ ನೂರಾರು ಸಣ್ಣ ಪ್ರೇಷಕಗಳ ಅಲೆಗಳನ್ನು ಒಂದಕ್ಕೊಂದು ತುಸು ಹಿಂದುಮುಂದಾಗಿ ಹೊರಡಿಸುವ ಮೂಲಕ ಕಿರಣವನ್ನು ಬೇಕಾದ ಕಡೆಗೆ ತಿರುಗಿಸಲಾಗುತ್ತದೆ. ರೇಡಾರಿನ ಜೊತೆಗೆ ಶತ್ರುವಿನ ರೇಡಾರುಗಳನ್ನೂ ಸಂಭಾಷಣೆಗಳನ್ನೂ ಆಲಿಸುವ ಉಪಕರಣಗಳು ಅದರಲ್ಲಿರುವುದು ಹೆಚ್ಚು ಗಮನಾರ್ಹ. ಗುಡ್ಡದ ಮೇಲಿನ ರೇಡಾರಿಗೆ ಸಿರುಗುಪ್ಪದ ಗದ್ದೆಯ ಮೇಲಿನ ಡ್ರೋನ್ ಕಾಣುವುದಿಲ್ಲವೆಂಬ ಕೊರತೆಯನ್ನು ತುಂಬುವುದು ಇಂತಹ ವಿಮಾನಗಳು.

ಬಳ್ಳಾರಿಯ ನೆರೆಗೆ ಈ ವಿದ್ಯೆ ಬಂದಿರುವುದು ಬಯಲುಸೀಮೆಯ ವಿಶಾಲ, ವಿರಳವಸತಿಯ ನೆಲ ಮತ್ತು ತಿಳಿಯಾದ ಆಕಾಶಗಳಿಗಾಗಿ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನಲ್ಲಿ ಡಿಆರ್‌ಡಿಒ ನಿರ್ಮಿಸಿರುವ ವೈಮಾನಿಕ ಪರೀಕ್ಷಾ ಕೇಂದ್ರ 2017ರ ಮೇ ತಿಂಗಳಲ್ಲಿ ಉದ್ಘಾಟನೆಯಾಯಿತು. ಅದಕ್ಕೂ ಮೊದಲೇ, 2016ರ ನವೆಂಬರ್‌ನಲ್ಲಿ, ಪೈಲಟ್‌ರಹಿತ ವಿಮಾನ ರುಸ್ತುಂ-2 ಅಲ್ಲಿಂದ ಮೊದಲ ಬಾರಿ ಹಾರಿತ್ತು. 2022ರ ಜುಲೈಯಲ್ಲಿ ಅಲ್ಲಿ ಹಾರಿದ, ಬಾಲವಿಲ್ಲದೆ ಇಡಿಯಾಗಿ ರೆಕ್ಕೆಯೇ ಆಗಿರುವ ಪ್ರಾಯೋಗಿಕ ವಿಮಾನದ ಆಕಾರವು ರೇಡಾರ್ ಮಾರ್ದನಿಯನ್ನು ಕುಗ್ಗಿಸುವ ವಿನ್ಯಾಸಗಳಿಗೆ ಹೊಂದುವಂಥದ್ದು. 2023ರ ಆಗಸ್ಟ್‌ನಲ್ಲಿ ಹಿರಿಯೂರು ತಾಲ್ಲೂಕಿನ ಹೊಲವೊಂದರಲ್ಲಿ ರುಸ್ತುಂ-2 ಮಾದರಿಯ ವಿಮಾನವೊಂದು ಬಿದ್ದಾಗ ಅದನ್ನು ನೋಡಲು ಹಳ್ಳಿಯವರು ನೆರೆದಿದ್ದರು. ಈ ಕೇಂದ್ರಕ್ಕೂ ಅದರ ನೆರೆಯ ಇತರ ವಿಜ್ಞಾನ ಸಂಸ್ಥೆಗಳಿಗೂ ಕೊಟ್ಟ ನೆಲ ಅಮೃತಮಹಲ್ ಕಾವಲು, ಎಂದರೆ ತಲೆತಲಾಂತರದಿಂದ ದನ ಮತ್ತು ಕುರಿಗಳು ಮೇಯುತ್ತಿದ್ದ ಹುಲ್ಲುಗಾವಲು. ಬೇಲಿ ಬಿದ್ದ ಮೇಲೆ ಕುರಿಗಾಹಿಗಳು ಕಳೆದುಕೊಂಡದ್ದನ್ನು ಹಸಿರು ನ್ಯಾಯಮಂಡಳಿಯವರೆಗೆ ಒಯ್ಯಲಾಯಿತು. ದೇಶದ ರಕ್ಷಣೆಗೆ ಪರೀಕ್ಷಾಭೂಮಿ ಬೇಕೆಂಬುದು ನಿಜ. ಅದರ ಬೆಲೆಯನ್ನು ತೆತ್ತವರ ಹೆಸರು ಆ ಸಾಧನೆಗಳ ಪಟ್ಟಿಯಲ್ಲಿ ಎಲ್ಲಿಯೂ ಇಲ್ಲವೆಂಬುದೂ ಅಷ್ಟೇ ನಿಜ. ಆಚೆ ಆಂಧ್ರದ ಕರ್ನೂಲಿನ ಬಯಲು ಪರೀಕ್ಷಾ ಕೇಂದ್ರದಲ್ಲಿ 2025ರ ಏಪ್ರಿಲ್ 13ರಂದು ಲೇಸರ್ ಕಿರಣದಿಂದ ಡ್ರೋನುಗಳನ್ನು ಸುಟ್ಟು ಉರುಳಿಸುವ ಪ್ರಯೋಗ ನಡೆಯಿತು. ಲೇಸರೂ ರೋಹಿತದ್ದೇ ಒಂದು ತುಂಡಾದ್ದರಿಂದ ಅದೂ ಈ ಸಮರದ ಒಂದು ಆಯುಧ.

ಡ್ರೋನುಗಳೇ ಈಗಿನ ಮುಖ್ಯ ಸಮಸ್ಯೆ. 2021ರ ಜೂನ್ 27ರಂದು ಜಮ್ಮುವಿನ ವಾಯುನೆಲೆಯ ಮೇಲೆ ಡ್ರೋನುಗಳಿಂದ ಸ್ಫೋಟಕ ಬಿದ್ದ ಎರಡೇ ತಿಂಗಳಲ್ಲಿ, ಆಗಸ್ಟ್ 31ರಂದು, ನೌಕಾಪಡೆಯು ಡ್ರೋನ್ ನಿರೋಧಕ ವ್ಯವಸ್ಥೆಗಾಗಿ ಬಿಇಎಲ್ ಜೊತೆ ಒಪ್ಪಂದ ಮಾಡಿಕೊಂಡಿತು. ರೇಡಾರು, ಕ್ಯಾಮೆರಾ ಮತ್ತು ರೇಡಿಯೊ ಗ್ರಾಹಕಗಳು ಕೂಡಿ ಡ್ರೋನನ್ನು ಪತ್ತೆಮಾಡಿದ ಮೇಲೆ ಆ ವ್ಯವಸ್ಥೆಗೆ ಎರಡು ದಾರಿಗಳಿವೆ: ಡ್ರೋನಿಗೂ ಅದನ್ನು ನಡೆಸುವವನಿಗೂ ನಡುವಿನ ಕೊಂಡಿಯನ್ನು, ಜಿಪಿಎಸ್ ಸಂಕೇತವನ್ನು ಕೆಡಿಸುವ ಮೃದು ದಾರಿ ಒಂದು, ಲೇಸರಿನಿಂದ ಸುಡುವ ಕಠಿಣ ದಾರಿ ಇನ್ನೊಂದು. 2025ರ ಮೇ 8 ಮತ್ತು 9ರ ನಡುವಿನ ರಾತ್ರಿ ಪಾಕಿಸ್ತಾನವು 36 ಕಡೆಗಳಲ್ಲಿ ಸುಮಾರು 300ರಿಂದ 400 ಡ್ರೋನುಗಳನ್ನು ಬಿಟ್ಟಿತೆಂದು ಭಾರತ ತಿಳಿಸಿತು. ಅವುಗಳನ್ನು ಎದುರಿಸುವಾಗ ಸಂಕೇತ ಕೆಡಿಸುವ ದಾರಿಯೂ ಹೊಡೆದುರುಳಿಸುವ ದಾರಿಯೂ ಬಳಕೆಯಾದವು. ಸೇನಾಧಿಕಾರಿಗಳ ಅಂದಾಜಿನಂತೆ, ಅಷ್ಟೊಂದು ಡ್ರೋನುಗಳನ್ನು ಕಳುಹಿಸಿದ್ದರ ಒಂದು ಉದ್ದೇಶ ಭಾರತದ ವಾಯುರಕ್ಷಣಾ ವ್ಯವಸ್ಥೆಯನ್ನು ಪರೀಕ್ಷಿಸಿ ಮಾಹಿತಿ ಸಂಗ್ರಹಿಸುವುದಾಗಿತ್ತು. ಅಗ್ಗದ ಡ್ರೋನಿಗಾಗಿ ರೇಡಾರನ್ನು ಹಚ್ಚಿದರೆ ಆ ರೇಡಾರಿನ ಗುರುತು ಹೊರಬೀಳುತ್ತದೆ. ಮೌನವಾಗಿದ್ದರೆ ಡ್ರೋನ್ ಒಳನುಗ್ಗುತ್ತದೆ.

ಇಲ್ಲಿಗೆ ಬಂದಾಗ ಸಿರುಗುಪ್ಪದ ಗದ್ದೆಗಳು ಮತ್ತೆ ಚಿತ್ರದೊಳಗೆ ಬರುತ್ತವೆ, ಏಕೆಂದರೆ ಯುದ್ಧಭೂಮಿಯ ಡ್ರೋನಿಗೂ ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಔಷಧಿ ಸಿಂಪಡಿಸುವ ಡ್ರೋನಿಗೂ ಅಲೆಗಳ ದೃಷ್ಟಿಯಿಂದ ಹೆಚ್ಚು ಅಂತರವಿಲ್ಲ. ಎರಡೂ ಬಹುಮಟ್ಟಿಗೆ ಮನೆಯ ವೈಫೈ ಬಳಸುವ 2.4 ಮತ್ತು 5.8 ಗಿಗಾಹರ್ಟ್ಸ್ ಆಸುಪಾಸಿನ ಕೊಂಡಿಗಳನ್ನೇ ನೆಚ್ಚಿವೆ, ಎರಡೂ ತಾವಿರುವ ಜಾಗವನ್ನು ಜಿಪಿಎಸ್‌ನಿಂದಲೇ ತಿಳಿಯುತ್ತವೆ. ಜಿಪಿಎಸ್ ಸಂಕೇತವಾದರೋ ಊಹೆಗೆ ನಿಲುಕದಷ್ಟು ದುರ್ಬಲ: ಒಂದು ವ್ಯಾಟ್ ಶಕ್ತಿಯನ್ನು ನೂರು ಕೋಟಿ ಕೋಟಿ ಭಾಗ ಮಾಡಿದರೆ ಬರುವ ಒಂದು ಭಾಗದಷ್ಟು ಮಾತ್ರ ನೆಲದ ಮೇಲಿನ ಗ್ರಾಹಕಕ್ಕೆ ಸಿಗುತ್ತದೆ. ಟಾರ್ಚಿನ ಬಲ್ಬಿಗಿಂತ ಕಡಿಮೆ ಶಕ್ತಿಯ ಜ್ಯಾಮರ್ ಕೂಡ ಕಿಲೋಮೀಟರುಗಳ ವ್ಯಾಪ್ತಿಯಲ್ಲಿ ಅದನ್ನು ಮುಳುಗಿಸಬಲ್ಲದು. ಇನ್ನೂ ಅಪಾಯಕಾರಿಯಾದದ್ದು ಸ್ಪೂಫಿಂಗ್, ಎಂದರೆ ಉಪಗ್ರಹದ ಸಂಕೇತವನ್ನೇ ಹೋಲುವ ಸುಳ್ಳು ಸಂಕೇತವನ್ನು ಕಳುಹಿಸಿ ಗ್ರಾಹಕವು ತಾನು ಬೇರೆಲ್ಲೋ ಇರುವುದಾಗಿ ನಂಬುವಂತೆ ಮಾಡುವುದು. ಜ್ಯಾಮಿಂಗ್ ಆದಾಗ ಸಂಕೇತ ಹೋಯಿತೆಂಬುದಾದರೂ ತಿಳಿಯುತ್ತದೆ, ಸ್ಪೂಫಿಂಗಿನಲ್ಲಿ ಯಂತ್ರವು ಅನುಮಾನವೇ ಇಲ್ಲದೆ ತಪ್ಪು ದಾರಿ ಹಿಡಿಯುತ್ತದೆ. 2023ರ ನವೆಂಬರ್‌ನಿಂದ 2025ರ ಫೆಬ್ರವರಿವರೆಗೆ ಗಡಿ ಪ್ರದೇಶದಲ್ಲಿ, ಹೆಚ್ಚಾಗಿ ಅಮೃತಸರ ಮತ್ತು ಜಮ್ಮುವಿನ ಸುತ್ತ, ವಿಮಾನಗಳ ಜಿಪಿಎಸ್‌ಗೆ ಅಡ್ಡಿಯಾದ 465 ಪ್ರಕರಣಗಳು ವರದಿಯಾಗಿವೆಯೆಂದು ಸರ್ಕಾರ ಸಂಸತ್ತಿಗೆ ತಿಳಿಸಿತು. 2025ರ ಡಿಸೆಂಬರ್‌ನಲ್ಲಿ ಕೊಟ್ಟ ಉತ್ತರದಲ್ಲಿ ಇಂತಹ ವರದಿಗಳು ಬಂದ ವಿಮಾನ ನಿಲ್ದಾಣಗಳ ಸಾಲಿನಲ್ಲಿ ಬೆಂಗಳೂರಿನ ಹೆಸರೂ ಇತ್ತು.

ರೋಹಿತವು ಹೀಗೆ ಸೇನೆ ಮತ್ತು ನಾಗರಿಕರ ಹಂಚಿಕೆಯ ಆಸ್ತಿ. ಅದನ್ನು ಹಂಚುವ ಕೆಲಸ ದೂರಸಂಪರ್ಕ ಇಲಾಖೆಯದು. 2015ರ ಜನವರಿಯಲ್ಲಿ ಕೇಂದ್ರ ಸಂಪುಟವು ರಕ್ಷಣಾ ಪಡೆಗಳಿಗೇ ಮೀಸಲಾದ ಕಂಪನಾಂಕದ ಪಟ್ಟಿಗಳನ್ನು ಗುರುತಿಸಲು ಒಪ್ಪಿಗೆ ಕೊಟ್ಟಿತು. ಸೇನೆಯು ಬಿಟ್ಟುಕೊಟ್ಟ ತರಂಗಗುಚ್ಛ ಮೊಬೈಲ್ ಸೇವೆಗೆ ಬಂದಿತು, ಪ್ರತಿಯಾಗಿ ಸೇನೆಗೆಂದೇ ಪ್ರತ್ಯೇಕ ಆಪ್ಟಿಕಲ್ ಫೈಬರ್ ಜಾಲವನ್ನು ಹಾಕುವ ಕೆಲಸ ಬಿಎಸ್‌ಎನ್‌ಎಲ್ ಪಾಲಿಗೆ ಬಂದಿತು. ಜ್ಯಾಮರನ್ನಂತೂ ಸರ್ಕಾರದ ವಿಶೇಷ ಅನುಮತಿಯಿಲ್ಲದೆ ಕೊಳ್ಳುವುದೂ ಮಾರುವುದೂ ಬಳಸುವುದೂ ಅಪರಾಧವೆಂದು 2022ರ ಜನವರಿಯಲ್ಲಿ ದೂರಸಂಪರ್ಕ ಇಲಾಖೆ ಮತ್ತೊಮ್ಮೆ ಎಚ್ಚರಿಸಿದೆ. ಅನುಮತಿಯಿದ್ದಾಗಲೂ ಅಲೆಗಳು ಕಾಂಪೌಂಡಿನೊಳಗೆ ನಿಲ್ಲುವುದಿಲ್ಲ. ಬೆಂಗಳೂರಿನ ಪರಪ್ಪನ ಅಗ್ರಹಾರದ ಜೈಲಿನಲ್ಲಿ ಮೊಬೈಲ್ ತಡೆಯಲು ಅಳವಡಿಸಿದ ವ್ಯವಸ್ಥೆಯಿಂದ ಅಕ್ಕಪಕ್ಕದ ಬಡಾವಣೆಗಳ ಫೋನುಗಳೂ ಸ್ತಬ್ಧವಾಗಿ ನಿವಾಸಿಗಳು ದೂರುವಂತಾಯಿತು.

ಜಿಪಿಎಸ್ ಅಮೆರಿಕದ ಸೇನೆಯ ವ್ಯವಸ್ಥೆಯಾದ್ದರಿಂದ ಅದಕ್ಕೆ ಪರ್ಯಾಯವಾಗಿ ಇಸ್ರೋ ನಾವಿಕ್ ಎಂಬ ಸ್ವಂತ ವ್ಯವಸ್ಥೆಯನ್ನು ಕಟ್ಟಿದೆ. ಅದರ ಉಪಗ್ರಹಗಳ ನಿಯಂತ್ರಣ ಹಾಸನದಿಂದ, ಸಂಕೇತಗಳ ಉಸ್ತುವಾರಿ ಬೆಂಗಳೂರಿನ ಸಮೀಪದ ಬ್ಯಾಲಾಳಿನಿಂದ ನಡೆಯುತ್ತದೆ. ಮೊದಲ ಸರಣಿಯ ಹಲವು ಉಪಗ್ರಹಗಳ ಪರಮಾಣು ಗಡಿಯಾರಗಳು ಕೆಟ್ಟಿದ್ದರಿಂದ ಆ ವ್ಯವಸ್ಥೆ ಸೊರಗಿತು. 2023ರ ಮೇ 29ರಂದು ದೇಶೀಯ ಪರಮಾಣು ಗಡಿಯಾರವನ್ನು ಹೊತ್ತ ಎನ್‌ವಿಎಸ್-01 ಮೇಲೇರಿತಾದರೂ, 2025ರ ಜನವರಿಯಲ್ಲಿ ಹಾರಿದ ಎನ್‌ವಿಎಸ್-02 ನಿಗದಿತ ಕಕ್ಷೆಗೆ ತಲುಪಲಿಲ್ಲ. ಈ ಕೊರತೆ ಬೇಗ ತುಂಬಬೇಕಾದದ್ದು. ಜ್ಯಾಮಿಂಗಿನಿಂದ ಪಾರಾಗಲು ಬೇರೆ ದಾರಿಗಳೂ ಇವೆ. ಉಕ್ರೇನಿನ ಯುದ್ಧದಲ್ಲಿ ಜ್ಯಾಮಿಂಗಿನಿಂದ ಬೇಸತ್ತ ಎರಡೂ ಕಡೆಯವರು ಕೂದಲಿನಷ್ಟು ತೆಳುವಾದ ಫೈಬರ್ ಎಳೆಯನ್ನು ಕಿಲೋಮೀಟರುಗಟ್ಟಲೆ ಬಿಚ್ಚಿಕೊಂಡು ಹೋಗುವ ಡ್ರೋನುಗಳನ್ನು ಬಳಸತೊಡಗಿದ್ದಾರೆ; ರೇಡಿಯೊ ಅಲೆಯನ್ನೇ ಕೈಬಿಟ್ಟ ಅವುಗಳನ್ನು ಜ್ಯಾಮರ್ ಏನೂ ಮಾಡಲಾರದು. ಯುದ್ಧವಿಮಾನಗಳಲ್ಲಿ ಹಲವು ಆಂಟೆನಾಗಳನ್ನು ಜೋಡಿಸಿ ಗದ್ದಲ ಬರುವ ದಿಕ್ಕಿಗೆ ಮಾತ್ರ ಕಿವುಡಾಗುವ ಗ್ರಾಹಕಗಳಿವೆ, ಆದರೆ ಸಿಂಪಡಣೆಯ ಡ್ರೋನಿನಲ್ಲಿ ಹಾಕುವಷ್ಟು ಅವು ಅಗ್ಗವಾಗಿಲ್ಲ. ರೈತರ ಡ್ರೋನುಗಳಿಗೆ ಸದ್ಯಕ್ಕೆ ಉಳಿದಿರುವುದು ಜಿಪಿಎಸ್, ನಾವಿಕ್, ರಷ್ಯದ ಗ್ಲೋನಾಸ್ ಮೊದಲಾದ ಹಲವು ವ್ಯವಸ್ಥೆಗಳ ಸಂಕೇತಗಳನ್ನು ಒಂದಕ್ಕೊಂದು ತಾಳೆ ನೋಡುವ ಗ್ರಾಹಕ, ಮತ್ತು ಸಂಕೇತ ಕಾಣೆಯಾದೊಡನೆ ಮನೆಯ ಕಡೆಗೆ ಹಾರಲು ಹೋಗದೆ ನಿಂತಲ್ಲಿಯೇ ನಿಧಾನವಾಗಿ ಇಳಿಯುವ ವ್ಯವಸ್ಥೆ. ಏಕೆಂದರೆ ತಾನೆಲ್ಲಿದ್ದೇನೆಂದು ತಿಳಿಯದ ಯಂತ್ರಕ್ಕೆ ಮನೆಯ ದಿಕ್ಕೂ ತಿಳಿದಿರುವುದಿಲ್ಲ; ಕೀಟನಾಶಕ ತುಂಬಿದ ಡ್ರೋನ್ ದಿಕ್ಕುತಪ್ಪಿ ಸಿರುಗುಪ್ಪದ ಕಾಲುವೆಯ ಮೇಲೋ ಪಕ್ಕದ ಓಣಿಯ ಮೇಲೋ ಹಾರದಂತೆ ಮಾಡಬೇಕಾದರೆ, ಡ್ರೋನ್ ಚಾಲಕರಿಗೆ ಕೊಡುವ ತರಬೇತಿಯಲ್ಲಿ ಈ ಅಧ್ಯಾಯವೂ ಸೇರಬೇಕಾಗುತ್ತದೆ.